ಬೋರಲು ಡಬ್ಬ

ಇರುವೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಇಡೀ ಸಂಸಾರ, ಟಿಕೆಟ್ಟಿಲ್ಲದೆ ನುಗ್ಗುತ್ತಿವೆ, ಮೊದಲ ದಿನದ ಮೊದಲ ಶೋ ಇದ್ದ ಹಾಗಿದೆ ಈ ದಾಳಿಂಬೆಯೊಳಗೆ — ತಲೆಯ ಕಿರೀಟದಿಂದ ಹೊಟ್ಟೆಯವರೆಗೆ ಸೀಳಿಕೊಂಡು, ಕಾಳೆಲ್ಲ ಹೊರಗೆ ಕಾಣುವಂತೆ ಹಲ್ಲು ಕಿಸಿದು ಕೊಂಬೆಯಿಂದ ನೇತಾಡುತ್ತಿದೆ, ನಗುತ್ತಿದೆಯೋ ಅಳುತ್ತಿದೆಯೋ, ಕ್ಲೋಸಪ್ಪಿನಲ್ಲಿ ಎರಡೂ ಒಂದೇ, ಅವಳು ತೊಟ್ಟಿಗೆ ಕತ್ತರಿ ಇಟ್ಟಳು, ಹಣ್ಣು ಬಕೆಟ್ಟಿಗೆ ಬಿತ್ತು, ಧಪ್, ನಲವತ್ತೊಂದು, ಎಣಿಸಬಾರದು ಎಂದುಕೊಂಡೇ ಎಣಿಸುತ್ತಿದ್ದಾಳೆ. ಪಕ್ಕದ ಸಾಲಿನಲ್ಲಿ ಒಂದು ಕಾಯಿಯೂ ಬಿರಿದಿಲ್ಲ, ಅದರಾಚೆ ಸೀಬೆ, ಅಂಜೂರ, ನಿಂಬೆ, ಎಲ್ಲ ತಮ್ಮ ಪಾಡಿಗೆ ತಣ್ಣಗಿವೆ, ಈ ಒಂದು ಸಾಲು ಮಾತ್ರ, ಟೈಲರ್ ತಾತನ ಸಾಲು, ಐದು ಮರ, ಫೈಟಿಂಗ್ ಸೀನು ಮುಗಿದ ಸೆಟ್ಟಿನ ಹಾಗೆ ಬಿದ್ದಿದೆ. ಇವತ್ತು ಭಾನುವಾರ, ಇವತ್ತೇ ಕೊಯ್ಲು ಆಗಬೇಕಿತ್ತು, ಈ ತೋಟವನ್ನು ಸರದಿಯಲ್ಲಿ ನೋಡಿಕೊಳ್ಳುವ ಎರಡು ಬೀದಿಗಳ ನಲವತ್ತು ಮನೆಗೂ ಒಂದೊಂದು ಬುಟ್ಟಿ ಹೋಗಬೇಕಿತ್ತು, ಕೊಯ್ಲಿನ ಬದಲು ಈಗ ಮೀಟಿಂಗು, ಹತ್ತು ಗಂಟೆಗೆ, ಶೆಡ್ಡಿನ ಮುಂದೆ. ಏನೇ ಇಂಟರ್ವಲ್ಲು, ಇವತ್ತು ಟೈಟಲ್ ಕಾರ್ಡಿಗೇ ಬಂದ್ಬಿಟ್ಟಿದೀಯ, ಜ್ವರ ಗಿರ ಬಂದಿದೆಯಾ, ಇದು ಬೇಕರಿ ಅಕ್ಕ, ಮೊಣಕೈವರೆಗೆ ಹಿಟ್ಟಿನ ಬಿಳುಪು ಹಾಗೇ ಇಟ್ಟುಕೊಂಡು ಗೇಟಿನಿಂದ ಬರುತ್ತಿದ್ದಾಳೆ, ಆ ಹೆಸರಿಟ್ಟವಳೂ ಅವಳೇ, ಅರ್ಧ ಕೆಲಸ ಮುಗಿದ ಮೇಲೆ ಬರ್ತೀಯ, ಬಂದ್ಮೇಲೆ ಎಲ್ಲರಿಗೂ ತಿನ್ನೋಕೆ ಕೊಡ್ತೀಯ, ನೀನು ಇಂಟರ್ವಲ್ ಅಲ್ದೆ ಇನ್ನೇನು ಎಂದಿದ್ದಳು, ಅಂದಿನಿಂದ ತೋಟದಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ. ಇಪ್ಪತ್ತನಾಲ್ಕು ವರ್ಷ, ಕನ್ನಡಕದ ಅಂಗಡಿಯಲ್ಲಿ ಕೆಲಸ, ತಲೆಯ ತುಂಬ ಸಿನಿಮಾ — ಅಮ್ಮ ಹೇಳುವ ಪ್ರಕಾರ ಸಿನಿಮಾ ಬಿಟ್ಟರೆ ಬೇರೆ ಏನೂ ಇಲ್ಲ.

ನಿದ್ದೆ ಬರಲಿಲ್ಲ ಅಕ್ಕ, ಅದಕ್ಕೇ ಬಂದೆ, ಎಂದಳು, ನಿಜವನ್ನೇ ಹೇಳಿದಳು, ಬೇಕರಿ ಅಕ್ಕ ಅದನ್ನೂ ಡೈಲಾಗು ಎಂದುಕೊಂಡು ನಕ್ಕಳು. ಮರದ ಬುಡದಲ್ಲಿ ಗೂಟ, ಗೂಟದ ತಲೆಯ ಮೇಲೆ ಬೋರಲು ಬಿದ್ದ ಹಾಲಿನ ಪುಡಿಯ ಡಬ್ಬ, ಅದರ ಕಡೆ ನೋಡಬಾರದು ಎಂದು ಬೆಳಗಿನಿಂದ ಐದೂ ಗೂಟಕ್ಕೆ ಬೆನ್ನು ಹಾಕಿಯೇ ನಿಂತಿದ್ದಾಳೆ, ಆದರೂ ಬೆನ್ನಿಗೇ ಕಣ್ಣು ಬಂದ ಹಾಗೆ ಕಾಣುತ್ತದೆ. ಈ ಡಬ್ಬಗಳು ಮೀಟರ್ ಅಣ್ಣನ ಕಾನೂನು. ಮೀಟರ್ ಅಣ್ಣ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವನು, ತೋಟಕ್ಕೆ ಅವನೇ ಯಜಮಾನ ಎಂದು ಯಾರೂ ಹೇಳಿಲ್ಲ, ಆದರೆ ಯಜಮಾನ ಅವನೇ, ನೀರು ಹಾಕದ ಮರದ ಡಬ್ಬ ನೆಲದ ಮೇಲೆ ಬಾಯಿ ತೆರೆದು ಕೂತಿರಬೇಕು, ಹಾಕಿದ ತಕ್ಷಣ ಎತ್ತಿ ಗೂಟದ ಮೇಲೆ ಬೋರಲು ಹಾಕಬೇಕು, ಮಾರನೆಯ ಸರದಿಯವರು ಡಬ್ಬ ನೋಡಬೇಕು, ಮಣ್ಣು ನೋಡಬಾರದು. ಯಾಕಣ್ಣ, ಕೈ ಇಟ್ಟರೆ ಗೊತ್ತಾಗಲ್ವಾ ಒದ್ದೆಯೋ ಒಣಗಿದೆಯೋ, ಎಂದು ಅವಳೇ ಒಮ್ಮೆ ಕೇಳಿದ್ದಳು, ಅದಕ್ಕೆ ಅವನು ಬೆರಳೆತ್ತಿ, ನೋಡಮ್ಮ, ಮಣ್ಣು ಸುಳ್ಳು ಹೇಳುತ್ತೆ, ಮೇಲೆ ಒದ್ದೆ ಇರುತ್ತೆ ಒಳಗೆ ಒಣಗಿರುತ್ತೆ, ಮನುಷ್ಯನ ತಲೆಯೂ ಸುಳ್ಳು ಹೇಳುತ್ತೆ, ಹಾಕಿದೀನಿ ಅಂದ್ಕೊಂಡಿರ್ತೀವಿ ಹಾಕಿರಲ್ಲ, ಡಬ್ಬ ಸುಳ್ಳು ಹೇಳಲ್ಲ, ಎಂದ, ಎಂಥ ಡೈಲಾಗು, ಅವಳು ಅಲ್ಲೇ ಸೆಲ್ಯೂಟ್ ಹೊಡೆದಿದ್ದಳು, ಮೂರು ದಿನ ಅಂಗಡಿಯಲ್ಲಿ ಅದನ್ನೇ ಬೇರೆ ಬೇರೆ ದನಿಯಲ್ಲಿ ಹೇಳಿ ಹೇಳಿ ಮಾಲೀಕರ ತಲೆ ತಿಂದಿದ್ದಳು. ಡಬ್ಬ ಸುಳ್ಳು ಹೇಳಲ್ಲ. ಹೇಳಿಸಿದರೆ ಹೇಳುತ್ತದೆ ಅಣ್ಣ, ಹೇಳಿಸುವವರು ಬೇಕು ಅಷ್ಟೇ.

ಮಂಗಳವಾರ, ಹೋದದ್ದಲ್ಲ, ಅದರ ಹಿಂದಿನದು, ಹನ್ನೆರಡು ದಿನ ಆಯಿತು. ಪಂಪು ಕೆಟ್ಟು ಹದಿನೈದು ದಿನ ಮರಗಳು ಒಣಗಿ ನಿಂತಿದ್ದವು, ಸೋಮವಾರ ರಿಪೇರಿ ಆಯಿತು, ಮೀಟರ್ ಅಣ್ಣ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದು ಒಂದೇ ಮಾತು, ದಾಳಿಂಬೆಗೆ ಮರಕ್ಕೆ ಮೂರೇ ಕ್ಯಾನು, ಒಣಗಿದ ಮರಕ್ಕೆ ಒಟ್ಟಿಗೇ ಜಾಸ್ತಿ ಕುಡಿಸಿದ್ರೆ ಒಳಗಿನ ಕಾಳು ಉಬ್ಬುತ್ತೆ, ಸಿಪ್ಪೆ ತಡೆಯಲ್ಲ, ಎಲ್ಲಾ ಬಿರಿದುಬಿಡುತ್ತೆ, ಮೂರು ಅಂದ್ರೆ ಮೂರು. ಅವಳಿಗೆ ಇದು ಕೇಳಿಸಿತ್ತಾ, ಕೇಳಿಸಿತ್ತು, ಒಂದು ಕಿವಿಯಲ್ಲಿ, ಇನ್ನೊಂದರಲ್ಲಿ ಇಯರ್‌ಫೋನು. ಬೆಳಿಗ್ಗೆ ಏಳಕ್ಕೆ ಬಂದಾಗ ಟೈಲರ್ ತಾತ ಆಗಲೇ ಐದು ಮರಕ್ಕೂ ಹಾಕಿ ಮುಗಿಸಿದ್ದಾನೆ, ಎಪ್ಪತ್ತಮೂರರ ಮನುಷ್ಯ, ಹದಿನೈದು ಕ್ಯಾನು, ಡಬ್ಬಗಳು ಐದೂ ಬೋರಲು, ಇಸ್ತ್ರಿ ಮಾಡಿಟ್ಟ ಹಾಗೆ ಒಂದೇ ಸಾಲಿನಲ್ಲಿ, ತಾತ ಶೆಡ್ಡಿನ ಹಿಂದೆ ಬಿಟ್ಟ ಚಪ್ಪಲಿ ತರಲು ಹೋಗಿದ್ದಾನೆ, ತೋಟದಲ್ಲಿ ಬೇರೆ ಯಾರೂ ಇಲ್ಲ, ಇಂಥ ಲೊಕೇಶನ್ನು, ಇಂಥ ಲೈಟಿಂಗು, ಯಾರು ತಾನೆ ಬಿಡುತ್ತಾರೆ. ಬೆದರುಬೊಂಬೆಗೆ ಕೂಲಿಂಗ್ ಗ್ಲಾಸು ಹಾಕಿದವಳು ಅವಳು, ಮೀಟರ್ ಅಣ್ಣನ ಫೋನಿನ ರಿಂಗ್‌ಟೋನಿಗೆ ಕತ್ತೆಯ ಕೂಗು ಹಾಕಿದವಳು ಅವಳು, ಅವನು ಯಾರದೋ ಮನೆಯ ಮೀಟರ್ ಮುಂದೆ ನಿಂತಿದ್ದಾಗ ಕತ್ತೆ ಕೂಗಿ ಆ ಮನೆಯ ಅಜ್ಜಿ ಹೊರಗೆ ಬಂದು ಹುಡುಕಿದ್ದರಂತೆ, ತಾತನೇ ಅದನ್ನು ಕೇಳಿ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕಿದ್ದ, ನಂಗೆ ಯಾವಾಗಮ್ಮ ನಿನ್ನ ಸಿನಿಮಾದಲ್ಲಿ ಚಾನ್ಸು ಎಂದು ಕೇಳಿದ್ದ. ಹಾಗಾಗಿ ಚಾನ್ಸು. ಐದೂ ಡಬ್ಬ ಎತ್ತಿ ನೆಲದ ಮೇಲೆ ಬಾಯಿ ಮೇಲೆ ಮಾಡಿ ಇಟ್ಟು ಸಿಮೆಂಟಿನ ತೊಟ್ಟಿಯ ಹಿಂದೆ ಕೂತಳು. ಸ್ಕ್ರಿಪ್ಟು ರೆಡಿ, ತಾತ ಬರುತ್ತಾನೆ, ನೋಡುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ, ಒಂದು ಕ್ಯಾನು ಎತ್ತುತ್ತಾನೆ, ಆಗ ಇವಳು ಎದ್ದು ಕಟ್ ಕಟ್ ಕಟ್, ರೀಟೇಕ್ ಬೇಡ ತಾತ, ಫಸ್ಟ್ ಟೇಕೇ ಓಕೆ. ತಾತ ಬಂದ. ನೋಡಿದ. ನಿಂತ. ಮೊದಲನೆಯ ಡಬ್ಬ, ಎರಡನೆಯದು, ಐದನೆಯದರ ತನಕ ನಡೆದು ಹೋಗಿ ಮತ್ತೆ ವಾಪಸು ಬಂದ, ಆಮೇಲೆ ಬಲಗೈ ಮುಂದೆ ಮಾಡಿ, ಎಡಗೈಯ ಎರಡು ಬೆರಳಿನಲ್ಲಿ — ಬೇಡ, ಅದು ಬೇಡ, ಆ ಸೀನು ಎಡಿಟಿಂಗಿನಲ್ಲಿ ಹೋಗಲಿ, ಅಷ್ಟರಲ್ಲಿ ಅವಳ ಜೇಬಿನಲ್ಲಿ ಫೋನು ನಡುಗಿತು, ಮಾಲೀಕರು, ಆ ಟೀಚರಮ್ಮನ ಲೆನ್ಸು ಫ್ರೇಮಿಗೆ ಕೂರಿಸೋವಾಗ ಒಡೀತು, ಅವರು ಎಂಟಕ್ಕೆ ಬರ್ತಾರೆ, ಎಲ್ಲಿದೀಯ, ಈಗಲೇ ಬಾ, ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗು ತಡೆಯುತ್ತ ಹಿಂಗಡೆಯ ತಂತಿಬೇಲಿ ದಾಟಿ ಓಡಿದಳು, ಓಡುತ್ತ ಅಂದುಕೊಂಡದ್ದು, ತಾತನಿಗೆ ಗೊತ್ತಾಗುತ್ತದೆ ಬಿಡು, ಈಗಷ್ಟೇ ಹಾಕಿದವನಿಗೆ ಗೊತ್ತಾಗದೆ ಇರುತ್ತದಾ, ಸಾಯಂಕಾಲ ಸಿಕ್ಕಾಗ ಬೈಸಿಕೊಂಡರಾಯಿತು. ಸಾಯಂಕಾಲ ಅವಳು ತೋಟಕ್ಕೆ ಬರಲಿಲ್ಲ. ಬುಧವಾರ ಮರೆತೇಹೋಯಿತು. ಮರೆತದ್ದು ಅವಳು. ಈ ಇಡೀ ಕಥೆಯಲ್ಲಿ ನಿಜವಾಗಿ ಮರೆತದ್ದು ಅವಳೊಬ್ಬಳೇ.

ಧಪ್, ನಲವತ್ತೇಳು, ಬಕೆಟ್ಟು ತುಂಬಿತು, ಇನ್ನೊಂದು ತಾ ಎಂದು ಬೇಕರಿ ಅಕ್ಕ ಕೂಗುತ್ತಿದ್ದಾಳೆ, ಚೆನ್ನಾಗಿರೋ ಕಾಳು ಬಿಡಿಸಿ ಶರಬತ್ತು ಮಾಡ್ತೀನಿ, ಅಷ್ಟಾದ್ರೂ ಮನೆಗೊಂದು ಲೋಟ ಹೋಗ್ಲಿ, ಪಾಪ ಆ ಮನುಷ್ಯ ಇದನ್ನ ನೋಡೋದೂ ಬೇಡ. ಪಾಪ ಎಂಬ ಪದವನ್ನು ಈ ಒಂಬತ್ತು ದಿನದಲ್ಲಿ ಎಷ್ಟು ಸಲ ಕೇಳಿದ್ದಾಳೋ. ಆ ಮಂಗಳವಾರದ ಮುಂದಿನ ಶುಕ್ರವಾರವೇ ಬಿರಿಯಲು ಶುರುವಾಯಿತು, ಮೀಟರ್ ಅಣ್ಣ ಎಲ್ಲರನ್ನೂ ವಿಚಾರಿಸಿದ, ಯಾರನ್ನೂ ಬೈಯಲಿಲ್ಲ, ಮೀಟರ್ ಓದುವವನ ದನಿಯಲ್ಲೇ, ಈ ಸಾಲಿಗೆ ಮಾತ್ರ ಡಬಲ್ ನೀರು ಬಿದ್ದಿದೆ, ಯಾರಾದ್ರೂ ಹಾಕಿದ್ರಾ, ಬೇಕರಿ ಅಕ್ಕ ಬನ್ನಿನ ಟ್ರೇ ಇಳಿಸುತ್ತ ಕಿಟಕಿಯಿಂದ ನೋಡಿದ್ದಳಂತೆ, ತಾತ ಆರೂವರೆಗೂ ಕ್ಯಾನು ಹೊರ್ತಿದ್ರು, ಎಂಟಕ್ಕೂ ಹೊರ್ತಿದ್ರು, ಬೇರೆಯವರ ಸರದಿಯದ್ದೂ ಮಾಡ್ತಿದಾರೆ ಅಂದ್ಕೊಂಡೆ. ಎಲ್ಲರೂ ತಾತನ ಕಡೆ ತಿರುಗಿದರು, ತಾತ ಅಂಗಿಯ ಅಳತೆ ತಪ್ಪಿದಾಗ ಗಿರಾಕಿಯ ಮುಂದೆ ನಿಲ್ಲುವ ಹಾಗೆ ನಿಂತು, ನಾನೇ, ನಾನೇ ಎರಡು ಸಲ ಹಾಕಿದೀನಿ, ನಂಗೆ ಹಾಕಿದ ಹಾಗೆ ನೆನಪಿತ್ತು, ಆದ್ರೆ ಡಬ್ಬ ನೋಡಿದ್ರೆ ಹಾಕಿಲ್ಲ ಅಂತಿತ್ತು, ಹಾಕಿದ್ದು ಹಿಂದಿನ ಸರದಿಯ ನೆನಪೋ ಏನೋ ಅಂದ್ಕೊಂಡು ಮತ್ತೆ ಹಾಕಿದೆ, ತಪ್ಪಾಯ್ತು ಎಂದ. ಅವಳು ಅಲ್ಲೇ ಇದ್ದಳು, ಬೆಂಚಿನ ತುದಿಯಲ್ಲಿ, ಬಾಯಲ್ಲಿ ಬನ್ನು ಇತ್ತು, ನುಂಗಲೂ ಆಗಲಿಲ್ಲ ಉಗುಳಲೂ ಆಗಲಿಲ್ಲ, ಈಗ ಹೇಳು, ಈಗ, ಬನ್ನು ನುಂಗಿದ ಮೇಲೆ ಹೇಳುತ್ತೇನೆ ಎಂದುಕೊಂಡಳು, ನುಂಗುವಷ್ಟರಲ್ಲಿ ತಾತನ ಮಗಳು ಅಪ್ಪನ ತೋಳು ಹಿಡಿದಿದ್ದಳು. ಮಗಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಯಾವ ಮಾತನ್ನೂ ಜೋರಾಗಿ ಆಡುವುದಿಲ್ಲ, ಬನ್ನಿ ಅಪ್ಪ, ಮನೆಗೆ ಹೋಗೋಣ ಎಂದಳು ಅಷ್ಟೇ, ಆದರೆ ಅವಳ ಮುಖದಲ್ಲಿ ರಿಪೋರ್ಟು ಆಗಲೇ ಬಂದುಬಿಟ್ಟಿತ್ತು. ದೊಡ್ಡಪ್ಪನಿಗೂ ಹೀಗೇ ಶುರುವಾದದ್ದಂತೆ, ತಾತನ ಅಣ್ಣ, ಮೊದಲು ಗ್ಯಾಸ್ ಆರಿಸಿದೆನೋ ಇಲ್ಲವೋ, ಆಮೇಲೆ ಮನೆಯ ದಾರಿ, ಕೊನೆಗೆ ಹೆಂಡತಿಯನ್ನೇ ನೋಡಿ ನೀವು ಯಾರ ಮನೆಯವರು ಎಂದು ಕೇಳಿದರಂತೆ, ಇದನ್ನೆಲ್ಲ ಬೇಕರಿ ಅಕ್ಕನೇ ಹೇಳಿದ್ದು, ದನಿ ಇಳಿಸಿ, ಪಾಪ ಸೇರಿಸಿ.

ಹೇಳಲು ಚಾನ್ಸು ಸಿಗಲಿಲ್ಲ ಎನ್ನುವ ಹಾಗಿಲ್ಲ. ಮೊನ್ನೆ ಗುರುವಾರ ತಾತ ಅಂಗಡಿಗೇ ಬಂದನಲ್ಲ. ಮಾಲೀಕರು ಒಳಗೆ ಊಟ ಮಾಡುತ್ತಿದ್ದರು, ಕೌಂಟರಿನಲ್ಲಿ ಅವಳೊಬ್ಬಳೇ, ತಾತ ಪೂರ್ತಿ ತೋಳಿನ ಅಂಗಿಯ ಗುಂಡಿ ಮಣಿಕಟ್ಟಿನ ತನಕ ಹಾಕಿಕೊಂಡು, ಅವನೇ ಹೊಲಿದುಕೊಂಡ ಅಂಗಿ, ಇಡೀ ಊರಿಗೆ ಅರ್ಧ ತೋಳು ಹೊಲಿದರೂ ತನಗೆ ಪೂರ್ತಿ ತೋಳೇ, ಒಳಗೆ ಬಂದು, ಇಂಟರ್ವಲ್ಲಮ್ಮ, ಒಂದು ಸಲ ಕಣ್ಣು ಚೆಕ್ ಮಾಡ್ಸು ಎಂದ. ಬನ್ನಿ ತಾತ, ಹೀರೋಗೆ ಹೊಸ ಲುಕ್ ಕೊಡೋಣ ಎಂದಳು, ನಾಲಿಗೆ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ತಾತ ಕುರ್ಚಿಯಲ್ಲಿ ಕೂತ, ಸುತ್ತ ನೋಡಿ, ದನಿ ತಗ್ಗಿಸಿ, ಒಂದು ಮಾತು ಕೇಳ್ತೀನಿ, ನಗಬೇಡ, ಬೋರಲು ಇರೋ ಡಬ್ಬ ಕಣ್ಣಿಗೆ ನೆಟ್ಟಗಿರೋ ಹಾಗೆ ಕಾಣೋದು ಉಂಟಾ, ಪವರ್ ಜಾಸ್ತಿ ಆದ್ರೆ ಹಾಗಾಗುತ್ತಾ. ಕಣ್ಣಿನ ದೋಷ ಆಗಲಿ ಎಂದು ಬೇಡುತ್ತಿದ್ದಾನೆ ಮನುಷ್ಯ. ತಲೆಯದ್ದಲ್ಲ, ಕಣ್ಣಿನದ್ದು, ಗಾಜು ಹಾಕಿದರೆ ಸರಿಹೋಗುವಂಥದ್ದು. ಮಾಲೀಕರು ಕೈ ತೊಳೆದು ಬಂದರು, ಲೆನ್ಸು ಹಾಕಿ ತೆಗೆದು ಹಾಕಿ ತೆಗೆದು, ಇದು ಚೆನ್ನಾಗಿದೆಯಾ, ಇದಾ, ಈಗ. ಈ ಆಟ ಅವಳಿಗೆ ಗೊತ್ತು, ಒಂದೊಂದು ಸಲ ಮಾಲೀಕರಿಲ್ಲದಾಗ ಅವಳೂ ಆಡಿದ್ದಾಳೆ, ಒಂದೇ ಲೆನ್ಸನ್ನು ತೆಗೆದು ಅದನ್ನೇ ಮತ್ತೆ ಹಾಕಿ ಈಗ ಎಂದು ಕೇಳುವುದು, ಹತ್ತರಲ್ಲಿ ಎಂಟು ಜನ ಹಾಂ ಈಗ ಸ್ವಲ್ಪ ವಾಸಿ ಎನ್ನುತ್ತಾರೆ, ಬ್ಯಾಂಕಿನ ಮ್ಯಾನೇಜರೇ ಹೇಳಿದ್ದಾರೆ, ಕೇಳುವವರ ದನಿ ಗಟ್ಟಿಯಾಗಿದ್ದರೆ ಸಾಕು, ಜನ ತಮ್ಮ ಕಣ್ಣನ್ನು ಕಿತ್ತು ನಿಮ್ಮ ಕೈಗೆ ಕೊಡುತ್ತಾರೆ, ಅದನ್ನು ನೆನೆಸಿಕೊಂಡು ಎಷ್ಟು ನಕ್ಕಿದ್ದಾಳೆ ಅವಳು. ತಾತನ ಪವರಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ, ಕಣ್ಣು ಫಸ್ಟ್ ಕ್ಲಾಸ್ ಇದೆ ಹಿರಿಯರೇ ಎಂದು ಮಾಲೀಕರು ಬೆನ್ನು ತಟ್ಟಿದರು, ಎಲ್ಲರೂ ಕೇಳಲು ಸಾಯುವ ಮಾತು ಅದು, ತಾತನ ಮುಖ ಮಾತ್ರ ಇಳಿದುಹೋಯಿತು. ಹೋಗ್ಲಿ ಬಿಡಿ, ಎಂದು ಎದ್ದ, ಬಾಗಿಲ ತನಕ ಹೋಗಿ ತಿರುಗಿ, ನಾನು ಇಲ್ಲಿಗೆ ಬಂದಿದ್ದೆ ಅಂತ ನನ್ನ ಮಗಳಿಗೆ ಹೇಳ್ಬೇಡಮ್ಮ, ಎಂದ, ತುಸು ತಡೆದು, ಇದನ್ನ ನಿಂಗೆ ಆಗಲೇ ಒಂದ್ಸಲ ಹೇಳಿದ್ನಾ, ಎಂದು ಕೇಳಿದ. ಇಲ್ಲ ತಾತ, ಇದೇ ಮೊದಲು. ಹಾಂ, ಎಂದು ಮಣಿಕಟ್ಟಿನ ಗುಂಡಿ ಮುಟ್ಟಿ ನೋಡಿಕೊಂಡು ಹೋದ, ಹಾಕಿದ ಗುಂಡಿಯನ್ನೇ, ಮತ್ತೊಮ್ಮೆ, ಆ ಕೈ, ಆ ಮಣಿಕಟ್ಟು, ಅದೇ ಕೈಯಲ್ಲವೇ ಅವತ್ತು ಮುಂದೆ ಮಾಡಿ ಎರಡು ಬೆರಳಿನಲ್ಲಿ ಹಿಡಿದು — ಗ್ಲಾಸು ಒರೆಸಬೇಕು, ಶೋಕೇಸು ಒರೆಸಬೇಕು, ಅವಳು ಆ ಮಧ್ಯಾಹ್ನ ಇಡೀ ಅಂಗಡಿ ಒರೆಸಿದಳು, ಮಾಲೀಕರು ಮೈ ಹುಷಾರಿದೆಯಾ ಎಂದು ಕೇಳಿದರು.

ಹತ್ತಾಯಿತು. ಶೆಡ್ಡಿನ ಮುಂದೆ ಎರಡು ಬೆಂಚು, ಹದಿನಾಲ್ಕು ಜನ, ತಾತ ಮಗಳ ಪಕ್ಕದಲ್ಲಿ ಕೂತಿದ್ದಾನೆ, ಶಾಲೆಯಲ್ಲಿ ಹೆಡ್‌ಮಾಸ್ಟರ ಕೋಣೆಯ ಹೊರಗೆ ಕೂರಿಸಿದ ಹಾಗೆ, ಮಂಡಿಯ ಮೇಲೆ ಎರಡೂ ಕೈ, ಎಡಗೈಯ ಅಂಗೈಯಲ್ಲಿ ಪೆನ್ನಿನಲ್ಲಿ ಏನೋ ಬರೆದುಕೊಂಡಿದ್ದಾನೆ, ಅವಳು ಕೂತಲ್ಲಿಗೆ ಓದಲು ಆಗುತ್ತದೆ, ಮೀಟಿಂಗ್ ಹತ್ತಕ್ಕೆ, ಬಾಗಿಲು ಹಾಕಿದೆ, ಮಾತ್ರೆ ತಗೊಂಡೆ. ಮೀಟರ್ ಅಣ್ಣ ಗಂಟಲು ಸರಿಮಾಡಿಕೊಂಡ, ಇದು ಯಾರನ್ನೂ ದೂರೋ ವಿಷಯ ಅಲ್ಲ, ಹಣ್ಣು ಹೋದ್ರೆ ಮುಂದಿನ ವರ್ಷ ಬರುತ್ತೆ, ತಾತ ಈ ತೋಟಕ್ಕೆ ಹನ್ನೊಂದು ವರ್ಷ ದುಡಿದಿದಾರೆ, ಇನ್ನು ಅವರು ವಿಶ್ರಾಂತಿ ತಗೊಳ್ಳಲಿ ಅಂತ. ಮಗಳು ಪರ್ಸಿನಿಂದ ಗೇಟಿನ ಬೀಗದ ಕೈ ತೆಗೆದು ಬೆಂಚಿನ ಮೇಲೆ ಇಟ್ಟಳು, ಸದ್ದಾಗದ ಹಾಗೆ, ಇದು ಅಪ್ಪನದು, ಬೇರೆ ಯಾರಿಗಾದ್ರೂ ಕೊಡಿ, ಅವರು ಇನ್ಮೇಲೆ ಒಬ್ಬರೇ ಹೊರಗೆ ಬರೋದು ಬೇಡ ಅಂತ ಮನೇಲಿ ತೀರ್ಮಾನ ಮಾಡಿದೀವಿ, ಮುಂದಿನ ವಾರ ಡಾಕ್ಟರ್ ಹತ್ರ ಹೋಗ್ತಿದೀವಿ. ಒಬ್ಬರೇ ಹೊರಗೆ ಬರುವುದು ಬೇಡ, ಬೀದಿಗೂ ಬೇಡ, ಅಂಗಡಿಗೂ ಬೇಡ, ಐದು ಡಬ್ಬ, ಬರೀ ಐದು ಡಬ್ಬ, ಹತ್ತು ಸೆಕೆಂಡಿನ ಕೆಲಸ. ತಾತ ಬೀಗದ ಕೈಯನ್ನು ನೋಡಲಿಲ್ಲ, ಅಂಗೈ ನೋಡಿಕೊಂಡ. ಅವಳು ಎದ್ದು ನಿಂತಳು, ಯಾವಾಗ ನಿಂತಳೋ ಅವಳಿಗೇ ಗೊತ್ತಿಲ್ಲ, ನಿಂತ ಮೇಲೆ ಬಾಯಿ ತೆರೆಯಲೇಬೇಕಲ್ಲ, ಹಾಳಾದ ಬಾಯಿ, ಎಷ್ಟು ವರ್ಷದ ಅಭ್ಯಾಸ, ದನಿ ತಾನಾಗಿಯೇ ಕೆಳಗಿಳಿದು ದಪ್ಪಗಾಯಿತು, ನಿಲ್ಲಿಸಿ, ತಪ್ಪು ತಾತಂದಲ್ಲ, ತಪ್ಪು ಮಾಡಿದ್ದು ನಾನು, ಶಿಕ್ಷೆ ಆಗ್ಬೇಕಾದ್ದೂ ನಂಗೆ. ಬೇಕರಿ ಅಕ್ಕ ಚಪ್ಪಾಳೆ ತಟ್ಟಿದಳು, ನಿಜವಾದ ಚಪ್ಪಾಳೆ, ಕೈಯಿಂದ ಹಿಟ್ಟು ಹಾರಿತು, ಅಯ್ಯೋ ನನ್ನ ಬಂಗಾರ, ಕೋರ್ಟ್ ಸೀನು ಮಾಡಿಬಿಟ್ಯಲ್ಲೇ. ಇಬ್ಬರು ಮೂವರು ನಕ್ಕರು, ಮೆಲ್ಲಗೆ, ಎದೆಯ ಭಾರ ಇಳಿದವರ ಹಾಗೆ. ಇಲ್ಲ ಅಕ್ಕ, ನಿಜವಾಗ್ಲೂ, ನಾನೇ ಡಬ್ಬ ಇಳಿಸಿ ಇಟ್ಟಿದ್ದು, ತಮಾಷೆಗೆ, ಎಂದಳು, ದನಿ ಈಗ ತೆಳ್ಳಗಾಗಿತ್ತು, ತೆಳ್ಳಗಾದದ್ದೂ ಆ್ಯಕ್ಟಿಂಗಿನ ಹಾಗೇ ಕೇಳಿಸಿತು, ಅವಳಿಗೇ ಹಾಗೆ ಕೇಳಿಸಿತು. ಮೀಟರ್ ಅಣ್ಣ ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟ, ನಿನ್ನ ಮನಸ್ಸು ಗೊತ್ತಮ್ಮ, ಹಿರಿಯರನ್ನ ಉಳಿಸ್ಬೇಕು ಅಂತ ನಿನ್ನ ಮೇಲೆ ಹಾಕ್ಕೋತಿದೀಯ, ಆದ್ರೆ ಹೀಗೆ ಮುಚ್ಚಿಟ್ರೆ ಅವರಿಗೇ ಕಷ್ಟ, ಮೊದಲೇ ಡಾಕ್ಟರಿಗೆ ತೋರಿಸೋದು ಒಳ್ಳೇದು. ತಾತನ ಮಗಳ ಕಣ್ಣು ತುಂಬಿತ್ತು, ಥ್ಯಾಂಕ್ಸ್ ಕಣೇ ಎಂದಳು. ಥ್ಯಾಂಕ್ಸ್ ಅಂತೆ. ತಾತ ಕೂತಲ್ಲಿಂದಲೇ ತಲೆ ಅಲ್ಲಾಡಿಸಿದ, ಬೇಡ ಇಂಟರ್ವಲ್ಲಮ್ಮ, ನಂಗೋಸ್ಕರ ಸುಳ್ಳು ಹೇಳ್ಬೇಡ, ನೀನು ಒಳ್ಳೇ ಹುಡುಗಿ.

ಇಲ್ಲಿಗೆ ಮುಗಿಸಬಹುದು. ಇಲ್ಲಿಗೆ ಶುಭಂ ಎಂದು ಹಾಕಿದರೆ ಯಾರೂ ಕೇಳುವುದಿಲ್ಲ. ಹೇಳಿದ್ದೂ ಆಯಿತು, ಬಚಾವಾದದ್ದೂ ಆಯಿತು, ನಿಜ ಹೇಳಿದೆ ನಂಬದೆ ಹೋದದ್ದು ಅವರು ಎಂದು ರಾತ್ರಿ ತಲೆದಿಂಬಿಗೆ ಹೇಳಿಕೊಳ್ಳಬಹುದು, ಎಲ್ಲರ ಕಣ್ಣಲ್ಲಿ ಒಳ್ಳೆಯ ಹುಡುಗಿ, ಇದಕ್ಕಿಂತ ಸಲೀಸಾದ ಕ್ಲೈಮ್ಯಾಕ್ಸು ಯಾವ ಡೈರೆಕ್ಟರಿಗೂ ಸಿಗುವುದಿಲ್ಲ, ಕೂತುಬಿಡು, ಬೆಂಚು ಅಲ್ಲೇ ಇದೆ, ಮೊಣಕಾಲು ಮಡಚಿದರೆ ಸಾಕು. ಅರ್ಧ ಮಡಚಿದಳು. ಬೀಗದ ಕೈಯ ಮೇಲೆ ಒಂದು ಇರುವೆ ಹೋಗುತ್ತಿದೆ, ಇಲ್ಲಿಗೂ ಬಂದವು, ತಾತ ಮಗಳ ಕೈ ಹಿಡಿದು ಏಳಲು ನೋಡುತ್ತಿದ್ದಾನೆ, ಇಷ್ಟು ವರ್ಷ ಯಾರ ಕೈಯನ್ನೂ ಹಿಡಿಯದೆ ಎದ್ದವನು, ಹದಿನೈದು ಕ್ಯಾನು, ಆಮೇಲೆ ಮತ್ತೆ ಹದಿನೈದು, ಆ ಮತ್ತೆ ಹದಿನೈದನ್ನು ಹೊತ್ತದ್ದು ಯಾಕೆ, ನೆನಪಿತ್ತಲ್ಲ ಅವನಿಗೆ, ನೆನಪಷ್ಟೇ ಅಲ್ಲ, ಸಾಕ್ಷಿಯೂ ಇತ್ತು, ಮೈಮೇಲೇ ಇತ್ತು — ತಾತ, ಅವತ್ತು ನಿಮ್ಮ ತೋಳು ಒದ್ದೆಯಾಗಿತ್ತು. ಹೇಳಿಯೇಬಿಟ್ಟಳು. ಯಾವ ಹೀರೋಯಿನ್ನಿನ ದನಿಯೂ ಅಲ್ಲ, ಅಂಗಡಿಯಲ್ಲಿ ಬಿಲ್ಲಿನ ನಂಬರು ಓದುವ ದನಿ. ತಾತ ಎದ್ದವನು ಹಾಗೇ ನಿಂತ. ಏನಂದೆ. ನಿಮ್ಮ ಬಲಗೈ ತೋಳು, ಮಣಿಕಟ್ಟಿನ ಹತ್ರ, ಕ್ಯಾನು ಸೋರಿ ಒದ್ದೆ ಆಗಿತ್ತು, ನೀವು ಐದನೇ ಮರದಿಂದ ವಾಪಸ್ ಬಂದು ಮೊದಲನೇ ಡಬ್ಬದ ಹತ್ರ ನಿಂತು ತೋಳಿನ ತುದೀನ ಎರಡು ಬೆರಳಲ್ಲಿ ಹಿಡಿದು ನೋಡಿದ್ರಿ, ಬಟ್ಟೆ ನೋಡೋ ಹಾಗೆ ಉಜ್ಜಿ ನೋಡಿದ್ರಿ, ಬೆಳಕಿಗೆ ಹಿಡಿದ್ರಿ, ಆಮೇಲೆ ಡಬ್ಬ ನೋಡಿದ್ರಿ, ಆಮೇಲೆ ಕ್ಯಾನು ಎತ್ಕೊಂಡ್ರಿ, ನಾನು ತೊಟ್ಟಿ ಹಿಂದೆ ಇದ್ದೆ. ಹಿಟ್ಟು ಒರೆಸಿಕೊಳ್ಳುತ್ತಿದ್ದ ಬೇಕರಿ ಅಕ್ಕನ ಕೈ ಸೆರಗಿನಲ್ಲೇ ನಿಂತಿತು. ಇದನ್ನು ತಾತ ಯಾರಿಗೂ ಹೇಳಿಲ್ಲ, ಮಗಳಿಗೂ ಇಲ್ಲ, ಅದು ಅವನ ಮುಖದಲ್ಲೇ ಗೊತ್ತಾಗುತ್ತಿದೆ, ಹೇಗೆ ಹೇಳಿಯಾನು, ಒದ್ದೆ ಅಂಗಿ ಹಾಕಿಕೊಂಡೇ ನೀರು ಹಾಕಿಲ್ಲ ಎಂದು ನಂಬಿದೆ ಎಂದು ಯಾವ ಬಾಯಲ್ಲಿ ಹೇಳಿಯಾನು. ಒದ್ದೆ ಇತ್ತು, ಎಂದ, ಮಗಳ ಕಡೆ ತಿರುಗಿ, ಒದ್ದೆ ಇತ್ತಮ್ಮ, ನಂಗೆ ನೆನಪಿದೆ, ಒದ್ದೆ ಇತ್ತು. ಮಗಳು ಅಪ್ಪನನ್ನು ನೋಡಿದಳು, ಇವಳನ್ನು ನೋಡಿದಳು, ಆ ನೋಟದಲ್ಲಿ ಥ್ಯಾಂಕ್ಸ್ ಇರಲಿಲ್ಲ, ಒಂಬತ್ತು ದಿನ, ಎಂದಳು, ಒಂಬತ್ತು ದಿನ ನಮ್ಮ ಮನೇಲಿ ಏನು ನಡೀತಿತ್ತು ಗೊತ್ತಾ ನಿಂಗೆ. ಗೊತ್ತಿತ್ತು. ಗುರುವಾರದಿಂದ ಎಲ್ಲವೂ ಗೊತ್ತಿತ್ತು.

ಬೈಯಲಿ, ಎಲ್ಲರೂ ಬೈಯಲಿ, ಮೀಟರ್ ಅಣ್ಣ ಶುರುಮಾಡಿದ್ದಾನೆ, ತಮಾಷೆಗೂ ಒಂದು ಮಿತಿ ಇಲ್ವಾ, ನಲವತ್ತು ಮನೆ ಹಣ್ಣು, ಅದನ್ನ ಬಿಡು, ಈ ಮನುಷ್ಯನ್ನ ಏನು ಮಾಡಿಟ್ಟೆ, ಬೇಕರಿ ಅಕ್ಕ ಬೆನ್ನು ತಿರುಗಿಸಿ ಬಕೆಟ್ಟಿನ ಕಡೆ ಹೋಗುತ್ತಿದ್ದಾಳೆ, ನಿನ್ನ ಗೇಟಿನ ಕೀಲೀನೂ ಇಲ್ಲಿಡು ಎಂದು ಯಾರೋ ಅಂದರು, ಅವಳು ಕೀಲಿಗೊಂಚಲಿನಿಂದ ಬಿಡಿಸುತ್ತಿದ್ದಾಳೆ, ಉಗುರು ಸಿಕ್ಕಿಕೊಂಡು ನೋಯುತ್ತಿದೆ, ನೋಯಲಿ. ತಾತ ಬೆಂಚು ದಾಟಿ ಬಂದ, ಯಾರ ಕೈಯನ್ನೂ ಹಿಡಿಯದೆ, ಬಂದು ಎದುರಿಗೆ ನಿಂತ, ಹೊಡೆದರೆ ಹೊಡೆಯಲಿ ಎಂದು ಅವಳು ಕೆನ್ನೆ ಸಿದ್ಧಮಾಡಿಕೊಂಡಳು. ತಾತನಿಗೆ ಸಿಟ್ಟು ಬಂದಿರಲಿಲ್ಲ, ಅಥವಾ ಬಂದಿತ್ತೋ ಏನೋ, ಗೊತ್ತಾಗುವ ಹಾಗಿರಲಿಲ್ಲ, ಅಳತೆ ತೆಗೆದುಕೊಳ್ಳುವಾಗ ಕೇಳುವ ಹಾಗೆ ಸಣ್ಣಗೆ ಕೇಳಿದ, ನಾನು ತೋಳು ನೋಡ್ತಿದ್ದಾಗ, ಆಗ, ನೀನು ನಗ್ತಿದ್ಯೇನಮ್ಮ. ಎಂಥ ಪ್ರಶ್ನೆ, ಇದಕ್ಕೆ ಡೈಲಾಗಿಲ್ಲ, ಹುಡುಕಿದಳು, ತಲೆಯಲ್ಲಿ ಇಷ್ಟು ರೀಲು ಇದೆ, ಅಳುವ ಸೀನು, ಕಾಲಿಗೆ ಬೀಳುವ ಸೀನು, ಮಳೆಯಲ್ಲಿ ಕ್ಷಮೆ ಕೇಳುವ ಸೀನು, ಯಾವುದೂ ಸಿಗುತ್ತಿಲ್ಲ, ಇಲ್ಲ ಎನ್ನಬಹುದು, ಇಲ್ಲ ಎಂದರೆ ನಂಬುತ್ತಾನೆ, ಇವನು ಎಲ್ಲವನ್ನೂ ನಂಬುತ್ತಾನೆ. ಹೂಂ ತಾತ, ಎಂದಳು, ನಗ್ತಿದ್ದೆ, ಬಾಯಿಗೆ ಕೈ ಅಡ್ಡ ಹಿಡ್ಕೊಂಡು ನಗ್ತಿದ್ದೆ. ತಾತ ತಲೆ ಆಡಿಸಿದ, ಒಂದೇ ಒಂದು ಸಲ, ಲೆಕ್ಕ ಸರಿಹೋಯಿತು ಎನ್ನುವ ಹಾಗೆ, ಆಮೇಲೆ ತನ್ನ ಸಾಲಿನ ಕಡೆ ನಡೆದ, ಬಿರಿದ ಹಣ್ಣುಗಳ ನಡುವೆ, ಹಿಂದಿನಿಂದ ಮಗಳು, ಮೀಟರ್ ಅಣ್ಣ ಇನ್ನೂ ಮಾತಾಡುತ್ತಿದ್ದಾನೆ, ಅವನ ಬಾಯಿ ಆಡುತ್ತಿದೆ, ಸೌಂಡ್ ಹೋಗಿದೆ, ಯಾರೋ ಅವಳ ಹೆಸರು ಹಿಡಿದು ಕರೆಯುತ್ತಿದ್ದಾರೆ, ನಿಜವಾದ ಹೆಸರು, ಅವಳಿಗೆ ಕೇಳಿಸುತ್ತಿಲ್ಲ, ಬೆಳಗಿನ ಬಿಸಿಲು, ಏಳು ಗಂಟೆಯ ಬಿಸಿಲು, ಐದು ಡಬ್ಬ ನೆಲದ ಮೇಲೆ ಬಾಯಿ ತೆರೆದು, ಅದರ ಮುಂದೆ ಪೂರ್ತಿ ತೋಳಿನ ಅಂಗಿಯ ಮನು‌ಷ್ಯ, ಒದ್ದೆ ತೋಳು, ಎರಡು ಬೆರಳು, ಉಜ್ಜಿ ನೋಡುತ್ತಾನೆ, ಬಟ್ಟೆ ಗೊತ್ತು ಅವನಿಗೆ, ಐವತ್ತು ವರ್ಷದ ಕೈ, ಬೆಳಕಿಗೆ ಹಿಡಿಯುತ್ತಾನೆ, ಒದ್ದೆ, ಒದ್ದೆಯೇ, ಡಬ್ಬ ನೋಡುತ್ತಾನೆ, ಮತ್ತೆ ತೋಳು, ಎರಡು ಬೆರಳು, ಒದ್ದೆ, ಮತ್ತೆ ಡಬ್ಬ, ಬೆರಳು ಬಿಡುತ್ತಾನೆ, ತೋಳು ಬಿಡುತ್ತಾನೆ, ಬಗ್ಗುತ್ತಾನೆ —